ಬೆಳಕಿಂಡಿ ಮುಚ್ಚಿದ ಮೇಲೆ

ಇವತ್ತಿನ ಕಥೆ ನಮ್ಮ ಸುರಪುರದ ಮಾಳಿಗೆ ಮೇಲಿನ ಒಂದು ಕಿಂಡಿಯದು.

ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆ ಇರೋ ಕಡೆ ಬೆಳಕಿಂಡಿ ಇರ್ತಿತ್ತು. ಬೆಳಕು ಒಳಗೆ, ಹೊಗೆ ಹೊರಗೆ. ಮಳೆ ಬಂದ್ರೆ ಯಾರಾದ್ರೂ ಮೇಲೆ ಹತ್ತಿ ಮುಚ್ಚಬೇಕು, ಅಷ್ಟೇ ತ್ರಾಸು. ಆಮೇಲೆ ಆರ್‌ಸಿಸಿ ಬಂತು. ಸೋರೋದು ನಿಂತಿತು, ಕಿಂಡಿನೂ ಹೋಯಿತು.

ಅಡುಗೆ ಹೊಗೆಗೆ ಪರಿಹಾರ ಹುಡುಕಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಶುರು ಮಾಡಿದ ‘ಅಸ್ತ್ರ’ ವಿಭಾಗದಿಂದ ಹೊಗೆರಹಿತ ಅಸ್ತ್ರ ಒಲೆ ಬಂತು. 2016ರಲ್ಲಿ ಉಜ್ವಲಾ ಸಿಲಿಂಡರ್. ಆದ್ರೆ ಬಾಣಂತಿ ಖೋಲಿಯ ಅಗ್ಗಿಷ್ಟಿಗೆ ಇವೆರಡರ ಲೆಕ್ಕಕ್ಕೂ ಬರಲಿಲ್ಲ.

ನೀವು ನೋಡಿರ್ತೀರಿ: ಹೊರಸಿನ ಕೆಳಗೆ ಕೆಂಡ, ಮಗ್ಗುಲಲ್ಲಿ ಕೂಸು, ಗಾಳಿ ಬಡೀಬಾರದು ಅಂತ ಕಿಟಕಿ-ಬಾಗಿಲು ಬಂದ್. ಹೊಗೆ ಎದ್ರೆ ಕಣ್ಣುರಿ, ಕೆಮ್ಮು. ಅಜ್ಜಿ ಒಂಚೂರು ಬಾಗಿಲು ತೆಗೀತಾಳೆ. ಹೊಗೆ ಅಡಗಿ ಕೆಂಡ ಕೆಂಪಾದಾಗ ಎಲ್ಲರಿಗೂ ಸಮಾಧಾನ. ಕಾರ್ಬನ್ ಮಾನಾಕ್ಸೈಡ್ ಮಾತ್ರ ಆಗಲೂ ಹುಟ್ಟುತ್ತಲೇ ಇರ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನ ಹಿಡಕೊಳ್ತದೆ. ತಲೆನೋವು, ವಾಕರಿಕೆ, ಮಂಪರು. ಹಡೆದು ನಾಲ್ಕು ದಿನ ಆದವಳಿಗೆ ಇವೆಲ್ಲ ಸಹಜ ಅಂತ ಮನೆಯವರು ಸುಮ್ಮನಾಗೋದು ಬಹಳ ಸುಲಭ.

ಮೂಗಿಗೆ ತಿಳಿಯದ್ದನ್ನ ತಿಳಿಸೋಕೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಹಕ್ಕಿ ಇಟ್ಟಿದ್ರು. ಗಣಿ ಸ್ಫೋಟಗಳಲ್ಲಿ ಹೆಚ್ಚಿನವರನ್ನ ಕೊಂದದ್ದು ಬೆಂಕಿಯಲ್ಲ, ಈ ಅನಿಲ ಅಂತ 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ತೋರಿಸಿದ್ದರು. ಸಣ್ಣ ಪ್ರಾಣಿ ಒಯ್ಯಿರಿ, ಮನುಷ್ಯನಿಗಿಂತ ಮೊದಲು ಅದು ಬೀಳ್ತದೆ ಅಂದರು. ಪಾಪದ ಕ್ಯಾನರಿ 1986ರವರೆಗೂ ಗಣಿಗಿಳಿಯಿತು. ಆಮೇಲೆ ಆ ಕೆಲಸ ಯಂತ್ರಕ್ಕೆ. 2015ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡೋರು ಪ್ರತಿ ಅಂತಸ್ತಿಗೊಂದು ಹೊಗೆ ಅಲಾರಂ, ಕಟ್ಟಿಗೆ-ಕಲ್ಲಿದ್ದಲು ಉರಿಸೋ ಖೋಲಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಲೇಬೇಕು. 2022ರಲ್ಲಿ ಗ್ಯಾಸ್ ಬಾಯ್ಲರ್ ಇರೋ ಖೋಲಿಗೂ ಇದು ಬಂತು.

ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಮಾನ್ಯ ಒಂಟಿ ಮನೆಗೆ ಅಲಾರಂ ಕೇಳೋದಿಲ್ಲ. ಅದು ಮೊದಲೇ ಬರೀ ಶಿಫಾರಸು. ಕಟ್ಟಡ ಎಷ್ಟು ಎತ್ತರ ಅಂತ ನೋಡಿದ್ರೆ ಸಾಲದು, ಯಾವ ಖೋಲಿಯಲ್ಲಿ ಏನು ಉರೀತದೆ ಅಂತಲೂ ಕೇಳಬೇಕಿತ್ತು ಅನ್ನೋದು ನನ್ನ ತಕರಾರು.

ಆನ್‌ಲೈನ್‌ನಲ್ಲಿ ತರಿಸೋರು ಡಬ್ಬಿ ಮೇಲಿನದು ಓದ್ರಿ. ಬರೀ ಹೊಗೆ ಅಲಾರಂ ಈ ಅನಿಲಕ್ಕೆ ಕೂಗೋದಿಲ್ಲ. ಅಲಾರಂ ಇದ್ರೂ ಮುಚ್ಚಿದ ಖೋಲಿಯೊಳಗೆ ಕೆಂಡ ಬೇಡ. ಕೂಸಿಗೆ ಕಂಬಳಿ ಹೊದಿಸ್ರಿ, ಅವ್ವನ ಮೈಗೆ ಹಚ್ಚಿ ಮಲಗಿಸ್ರಿ, ಅಗ್ಗಿಷ್ಟಿಗೆ ಅಂಗಳಕ್ಕೆ ಇಡ್ರಿ.