ಪರದೇಶಿ ಅಂದ್ರೆ ಯಾರು? ಬಳ್ಳಿಗಾವಿಯಿಂದ ಚೀನಾದ ಬಂದರುಗಳವರೆಗೆ

ಇವತ್ತಿನ ಸಂಚಿಕೆ ಶುರುವಾಗೋದು ನಮ್ಮೂರು ಕತ್ತಲಗೆರೆಯ ಬಸ್‌ಸ್ಟ್ಯಾಂಡಿಂದ, ಮುಗಿಯೋದೂ ಅಲ್ಲೇ. ಮಧ್ಯದಲ್ಲಿ ಚೀನಾಕ್ಕೆ ಹೋಗಿ ಬರೋಣ.

ಚನ್ನಗಿರಿ ಕಡೆಯಿಂದ ಬಸ್ಸು ಬಂದು ನಿಂತು, ಗುರುತಿಲ್ಲದ ಮುಖ ಒಂದು ಇಳೀತು ಅಂತ ಇಟ್ಕೊಳ್ಳಿ. ಟೀ ಅಂಗಡಿ ಮುಂದೆ ಕೂತಿರೋ ಹಿರಿಯರು ಮೊದಲಿಗೆ ಹೆಸರು ಕೇಳಲ್ಲ. "ಯಾರ ಮನೆಗೆ ಬಂದ್ರಿ? ಯಾರ ಕಡೆಯೋರು?" ಅಂತಾರೆ. ಒಂದು ಮನೆಯ ಹೆಸರು ಹೇಳಿದ್ರೆ ಮುಗೀತು, ಕೂರೋಕೆ ಜಾಗ, ಕುಡಿಯೋಕೆ ಟೀ. ಯಾರ ಹೆಸರೂ ಹೇಳೋಕೆ ಆಗಲಿಲ್ಲ ಅಂದ್ರೆ, ಆ ಮನುಷ್ಯ ಊರು ಬಿಡೋವರೆಗೂ ಹತ್ತು ಕಣ್ಣು ಅವನ ಬೆನ್ನ ಮೇಲೆ.

ನನ್ನ ಗೆಳೆಯನೊಬ್ಬ, ಪಕ್ಕದ ಊರಿನವನು, 2017ರಲ್ಲಿ ಎಂಬಿಬಿಎಸ್ ಓದೋಕೆ ಚೀನಾಕ್ಕೆ ಹೋದ. ಅಲ್ಲಿ ಇಳಿದ ಮೊದಲ ದಿನ ಅವನಿಗೂ ಇದೇ ಪ್ರಶ್ನೆ ಎದುರಾಯ್ತು, ಆದ್ರೆ ಅರ್ಜಿ ಫಾರಂ ರೂಪದಲ್ಲಿ. ಚೀನಾದ ಕಾನೂನಿನ ಪ್ರಕಾರ ಹೊರದೇಶದವರು ಹೋಟೆಲ್ ಬಿಟ್ಟು ಬೇರೆ ಕಡೆ ಉಳಿದುಕೊಂಡರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿ ಆಗಬೇಕು. ಹೋಟೆಲಾದರೆ ಹೋಟೆಲಿನವರೇ ಪಾಸ್‌ಪೋರ್ಟ್ ನೋಡಿ ವಿವರ ಕಳಿಸ್ತಾರೆ. ಎಲ್ಲಿ ಇರ್ತೀಯ, ಯಾರು ಕರೆಸಿಕೊಂಡರು, ಎಷ್ಟು ದಿನ. "ಥೇಟ್ ನಮ್ಮೂರ ಟೀ ಅಂಗಡಿ ಕಣೋ" ಅಂತ ಅವತ್ತು ರಾತ್ರಿ ವೀಚಾಟ್‌ನಲ್ಲಿ ನಕ್ಕಿದ್ದ.

ಇಲ್ಲಿ ಒಂದು ಪದ ನೋಡಿ: ಪರದೇಶಿ. ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ. ಒಂದು, ಬೇರೆ ದೇಶದವನು. ಇನ್ನೊಂದು, ದಿಕ್ಕಿಲ್ಲದವನು. "ಅಯ್ಯೋ ಪಾಪ, ಪರದೇಶಿ" ಅಂತ ಅಜ್ಜಿ ಹೇಳ್ತಾರಲ್ಲ, ಅದು. ಒಂದೇ ಪದದಲ್ಲಿ ಈ ಎರಡೂ ಅರ್ಥ ಯಾಕೆ ಕೂತಿವೆ? ನಾನು ಓದಿದ್ದು ಬಿ.ಕಾಂ., ಇತಿಹಾಸಕ್ಕೆ ಲೆಕ್ಕದ ಪುಸ್ತಕದ ಕಡೆಯಿಂದ ಬಂದವನು. ಹಾಗಾಗಿ ಇದಕ್ಕೆ ಉತ್ತರವನ್ನ ವ್ಯಾಪಾರಿಗಳ ಹತ್ತಿರ ಹುಡುಕಿದೆ.

ಐನೂರ್ವರ ಸಂಘ

ನಮ್ಮೂರಿಂದ ಹೊನ್ನಾಳಿ, ಶಿಕಾರಿಪುರ ದಾಟಿದರೆ ಬಳ್ಳಿಗಾವಿ. ಈಗ ಸಣ್ಣ ಊರು, ಕೇದಾರೇಶ್ವರ ದೇವಸ್ಥಾನ ನೋಡೋಕೆ ಜನ ಬರ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪ್ರಾಂತ್ಯದ ರಾಜಧಾನಿ, ದೊಡ್ಡ ಪೇಟೆ. ಆ ಪೇಟೆಗಳ ದೊರೆಗಳು ಅಂದ್ರೆ ಅಯ್ಯಾವೊಳೆ ಐನೂರ್ವರು. ಅಯ್ಯಾವೊಳೆ ಅಂದ್ರೆ ಇವತ್ತಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಅಲ್ಲಿಯ ಹೆಸರು ಹೊತ್ತ ಈ ವರ್ತಕರ ಸಂಘ ದಕ್ಷಿಣ ಭಾರತದ ತುಂಬ ಹಬ್ಬಿತ್ತು.

ಶಿಕಾರಿಪುರ ತಾಲ್ಲೂಕಿನಲ್ಲಿ ಸಿಕ್ಕಿರುವ 11ನೇ ಶತಮಾನದ ಶಾಸನವೊಂದು ಇವರನ್ನು ಹೊಗಳುತ್ತದೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ದೇಶ ದೇಶ ಸುತ್ತುವವರು. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಮಾರುವವರು. ಇದರಲ್ಲಿ ನನಗೆ ಇಷ್ಟವಾದದ್ದು ಏನಂದ್ರೆ, ಸಗಟು ವ್ಯಾಪಾರಿಗಳ ಜೊತೆ ಹೆಗಲ ಮೇಲೆ ಮೂಟೆ ಹೊತ್ತು ಮಾರುವವರನ್ನೂ ಅದೇ ಶಾಸನ ಸೇರಿಸಿಕೊಂಡಿದೆ.

ಈ ಸಂಘದ ಶಾಸನಗಳಲ್ಲಿ ವ್ಯಾಪಾರಿಗಳನ್ನು ಸ್ವದೇಶಿ, ಪರದೇಶಿ, ನಾನಾದೇಶಿ ಅಂತ ವಿಂಗಡಿಸ್ತಾರೆ. ಅಲ್ಲಿ ಪರದೇಶಿ ಅನ್ನೋದು ಬೈಗುಳವೂ ಅಲ್ಲ, ಅಯ್ಯೋ ಪಾಪವೂ ಅಲ್ಲ. ಅದೊಂದು ದರ್ಜೆ. ಹೊರಗಿನಿಂದ ಬಂದವನು, ಆದ್ರೆ ಲೆಕ್ಕಕ್ಕೆ ಇರುವವನು. ಯಾಕಂದ್ರೆ ಅವನ ಹಿಂದೆ ಸಂಘ ಇತ್ತು. ಸಂಘಕ್ಕೆ ತನ್ನದೇ ಕಟ್ಟಳೆ ಇತ್ತು, ಅದನ್ನ ವೀರ ಬಣಂಜು ಧರ್ಮ ಅಂತಿದ್ರು. ದಾರಿ ಕಾಯೋಕೆ ಆಯುಧ ಹಿಡಿದ ಕಾವಲಿನವರೂ ಇದ್ದರು. ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರ 1088ರ ಒಂದು ತಮಿಳು ಶಾಸನ ಸಿಕ್ಕಿದೆ, ಅದರಲ್ಲಿ ಈ ಐನೂರ್ವರ ಹೆಸರಿದೆ. ಸುಮಾತ್ರಾ ಅಂದ್ರೆ ಚೀನಾಕ್ಕೆ ಹೋಗುವ ಹಡಗಿನ ದಾರಿ.

ಗಾಳಿ ಕಾಯುವ ಊರು

ಆ ದಾರಿ ಮುಗಿಯುತ್ತಿದ್ದ ದೊಡ್ಡ ಬಂದರುಗಳಲ್ಲಿ ಒಂದು ಕ್ವಾನ್‌ಝೌ, ಫೂಜಿಯಾನ್ ಪ್ರಾಂತ್ಯದ್ದು. ಮಾರ್ಕೊ ಪೋಲೊ ಝೈತೂನ್ ಅಂತ ಕರೆದ ಊರು ಇದೇ. 2021ರಲ್ಲಿ ಯುನೆಸ್ಕೋ ಇದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಗೆ ಹೋದ ವ್ಯಾಪಾರಿ ಮಾಲು ಮಾರಿ ಮಾರನೇ ದಿನ ಹೊರಡೋ ಹಾಗಿರಲಿಲ್ಲ. ಹಡಗು ನಡೆಯುತ್ತಿದ್ದದ್ದು ಗಾಳಿಯಿಂದ. ಬೇಸಿಗೆಯ ನೈಋತ್ಯ ಗಾಳಿ ಚೀನಾಕ್ಕೆ ತಂದು ಬಿಟ್ಟರೆ, ವಾಪಸ್ ಬರೋಕೆ ಚಳಿಗಾಲದ ಈಶಾನ್ಯ ಗಾಳಿ ಬೇಕು. ಊರ ಹೊರಗಿನ ಜಿಯುರಿ ಬೆಟ್ಟದಲ್ಲಿ ಸಾಂಗ್ ರಾಜರ ಅಧಿಕಾರಿಗಳು ಒಳ್ಳೆ ಗಾಳಿಗಾಗಿ ಪೂಜೆ ಮಾಡಿ, ಬಂಡೆಯ ಮೇಲೆ ಅದನ್ನ ಕೆತ್ತಿಸಿದ್ದಾರೆ, ಈಗಲೂ ಇದೆ. ಗಾಳಿ ತಿರುಗೋವರೆಗೂ ವ್ಯಾಪಾರಿ ಅಲ್ಲೇ. ಒಂದು ಗಾಳಿ ತಪ್ಪಿದರೆ ಇನ್ನೊಂದು ವರ್ಷ. ಹೀಗೆ ಪ್ರಯಾಣಿಕ ನಿಧಾನಕ್ಕೆ ನಿವಾಸಿಯಾದ.

1087ರಲ್ಲಿ ಸಾಂಗ್ ಸರ್ಕಾರ ಅಲ್ಲಿ ಸಮುದ್ರ ವ್ಯಾಪಾರದ ಕಚೇರಿ ತೆರೆಯಿತು. ನಮ್ಮ ಕಸ್ಟಮ್ಸ್ ಆಫೀಸ್ ಇದ್ದ ಹಾಗೆ. ಬಂದ ಸರಕಿನಲ್ಲಿ ಒಂದು ಪಾಲು ಸರ್ಕಾರಕ್ಕೆ. ದರ ಬದಲಾಗ್ತಾ ಇತ್ತು, ಬೆಲೆಬಾಳುವ ಮಾಲಿಗೆ ಹತ್ತರಲ್ಲಿ ಒಂದು ಅಂತ ಇಟ್ಕೊಳ್ಳಿ. ಇನ್ನೊಂದು ಬಂದರು ಗುವಾಂಗ್‌ಝೌನಲ್ಲಿ ಹೊರದೇಶದವರಿಗೆ ಪ್ರತ್ಯೇಕ ಕೇರಿಯೇ ಇತ್ತು. ಆ ಕೇರಿಗೆ ಅವರೊಳಗಿನವನೇ ಒಬ್ಬ ಮುಖ್ಯಸ್ಥ. ಜಗಳ ಬಂದರೆ ಮೊದಲು ಅವನ ಹತ್ತಿರ, ಸರ್ಕಾರ ಏನಾದ್ರೂ ಕೇಳಬೇಕಂದ್ರೂ ಅವನ ಹತ್ತಿರ. "ಯಾರ ಕಡೆಯೋನು" ಅನ್ನೋದಕ್ಕೆ ಉತ್ತರ ಅಲ್ಲೇ ಸಿದ್ಧವಿತ್ತು.

ಕ್ವಾನ್‌ಝೌನಲ್ಲಿ ದಕ್ಷಿಣ ಭಾರತದ ವ್ಯಾಪಾರಿಗಳು ಶಿವನ ಗುಡಿ ಕಟ್ಟಿಸಿದರು. ಅದರದ್ದು 1281ರ ಒಂದು ಕಲ್ಲು ಸಿಕ್ಕಿದೆ. ಅದರ ಭಾಷೆ ಕನ್ನಡವಲ್ಲ, ತಮಿಳು. ಕೊನೆಯ ಸಾಲು ಚೀನೀ ಲಿಪಿಯಲ್ಲಿದೆ. ಅದರಲ್ಲಿ ಐನೂರ್ವರ ಹೆಸರೂ ಇಲ್ಲ. ಸಂಬಂಧ ಪೆರುಮಾಳ್ ಅನ್ನುವವನು ದೇವರನ್ನು ಪ್ರತಿಷ್ಠೆ ಮಾಡಿಸಿದ ಅಂತಿದೆ. ಯಾರ ಅಪ್ಪಣೆಯಿಂದ? ಖಾನನ ಫರ್ಮಾನಿನಿಂದ. ಯಾತಕ್ಕಾಗಿ? ಖಾನನ ದೇಹಾರೋಗ್ಯಕ್ಕಾಗಿ. ಆಗ ಚೀನಾ ಆಳುತ್ತಿದ್ದವನು ಮಂಗೋಲರ ಕುಬ್ಲಾಯ್ ಖಾನ್.

ಈ ಕಲ್ಲನ್ನ ಭಕ್ತಿಯ ಜೊತೆಗೆ ವ್ಯವಹಾರದ ಕಾಗದವಾಗಿಯೂ ಓದಿ. ದೇವರು ನಮ್ಮವನು, ಆದ್ರೆ ಪ್ರಾರ್ಥನೆ ನಿಮ್ಮ ರಾಜನಿಗೆ. ಪರ್ಮಿಷನ್ ಇದೆ, ನೋಡಿ, ಕಲ್ಲಲ್ಲೇ ಬರೆಸಿದ್ದೀವಿ. ಗೆಳೆಯ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ದ ರೆಸಿಡೆನ್ಸ್ ಪರ್ಮಿಟ್ ಕೂಡ ಇದೇ ಜಾತಿಯದ್ದು.

ಆ ಗುಡಿ ಉಳಿಯಲಿಲ್ಲ. ಜಾಮೀನು ನಿಂತವನು ಬಿದ್ದಾಗ ಜಾಮೀನು ಪಡೆದವನೂ ಬೀಳ್ತಾನೆ. ಮಂಗೋಲರ ಆಳ್ವಿಕೆ ಸಡಿಲವಾದಾಗ, 1357ರಿಂದ ಸುಮಾರು ಹತ್ತು ವರ್ಷ ಕ್ವಾನ್‌ಝೌನಲ್ಲಿ ಪರ್ಷಿಯನ್ ಮೂಲದ ಸೈನಿಕರ ದಂಗೆ ನಡೆಯಿತು. 1366ರಲ್ಲಿ ಊರು ಮತ್ತೆ ಕೈಗೆ ಸಿಕ್ಕಾಗ ಹೊರದೇಶದವರ ಕೊಲೆಯಾಯಿತು, ಉಳಿದವರು ಓಡಿದರು. ಮುಂದೆ ಬಂದ ಮಿಂಗ್ ದೊರೆ 1371ರಲ್ಲಿ ಜನ ತಾವಾಗಿ ಸಮುದ್ರ ವ್ಯಾಪಾರ ಮಾಡುವುದನ್ನೇ ನಿಷೇಧಿಸಿದ. ಗುಡಿಯ ಕೆತ್ತನೆಯ ಕಲ್ಲುಗಳು ಊರಿನ ಬೇರೆ ಕಟ್ಟಡಗಳ ಪಾಲಾದವು. ಇವತ್ತು ಕೈಯುವಾನ್ ಬೌದ್ಧ ದೇವಾಲಯದ ಹಿಂಭಾಗಕ್ಕೆ ಹೋದರೆ ನಮ್ಮ ಪುರಾಣದ ಶಿಲ್ಪಗಳಿರುವ ಎರಡು ಕಂಬ ಕಾಣ್ತವೆ. ಕಂಬ ಇದೆ. ಅದನ್ನ ನಿಲ್ಲಿಸಿದ ಜನ ಇಲ್ಲ.

ಗಂಧದ ಜೊತೆ ಕ್ಯಾಂಟನ್‌ಗೆ

ನಾನೂರು ವರ್ಷ ಮುಂದೆ ಬನ್ನಿ. ಅದೇ ಗುವಾಂಗ್‌ಝೌ, ಈಗ ಯುರೋಪಿನವರ ಬಾಯಲ್ಲಿ ಕ್ಯಾಂಟನ್. 1757ರಲ್ಲಿ ಕ್ವಿಯಾನ್‌ಲಾಂಗ್ ಚಕ್ರವರ್ತಿ, ಯುರೋಪಿನ ಹಡಗುಗಳು ಈ ಒಂದೇ ಬಂದರಿಗೆ ಬರಬೇಕು ಅಂತ ಆಜ್ಞೆ ಮಾಡಿದ. ನಮ್ಮ ಮೈಸೂರು ಸೀಮೆಯ ಗಂಧ ಕರಾವಳಿಯ ಬಂದರುಗಳಿಂದ ಹಡಗು ಹತ್ತಿ ಚೀನಾದ ಧೂಪಕ್ಕೆ ಹೋಗ್ತಾ ಇದ್ದದ್ದು ಇಲ್ಲಿಗೇ. ಮುಂಬೈನ ಪಾರ್ಸಿ ವ್ಯಾಪಾರಿಗಳು ಇಲ್ಲಿ ತಿಂಗಳುಗಟ್ಟಲೆ ಇರ್ತಿದ್ರು. ಜಮ್ಶೆಟ್‌ಜಿ ಜೀಜೀಭಾಯಿ ಐದು ಸಲ ಚೀನಾ ಪ್ರಯಾಣ ಮಾಡಿದವರು.

ಆ ಕ್ಯಾಂಟನ್ನಿನ ನಿಯಮಗಳನ್ನ ಕೇಳಿ. ಹೊರದೇಶದವರು ನದಿ ದಡದ ಹದಿಮೂರು ಮಳಿಗೆಗಳ ಕೇರಿಯಲ್ಲೇ ಇರಬೇಕು. ಹೆಂಡತಿಯನ್ನ ಕರೆತರುವಂತಿಲ್ಲ. ಆಯುಧ ಇಟ್ಕೊಳ್ಳುವಂತಿಲ್ಲ. ಸೀಸನ್ ಮುಗಿದ ಮೇಲೆ ಮಕಾವ್‌ಗೆ ಹೊರಡಬೇಕು. 19ನೇ ಶತಮಾನದಲ್ಲಿ, ತಿಂಗಳಿಗೆ ಮೂರು ದಿನ ಮಾತ್ರ, ದುಭಾಷಿಯ ಜೊತೆ, ನದಿಯಾಚೆಯ ಹೂತೋಟಕ್ಕೆ ಹೋಗಿ ಬರಬಹುದಿತ್ತು.

ಬಿ.ಕಾಂ. ಹುಡುಗನ ಕಣ್ಣಿಗೆ ಬಿದ್ದದ್ದು ಮಾತ್ರ ಇನ್ನೊಂದು. ಬಂದ ಪ್ರತಿ ಹಡಗಿಗೂ ಒಬ್ಬ ಚೀನೀ ವರ್ತಕ ಜಾಮೀನು ನಿಲ್ಲಬೇಕಿತ್ತು. ಸುಂಕ ಬಾಕಿಯಾದರೆ ಅವನು ಕಟ್ಟಬೇಕು. ನಾವಿಕನೊಬ್ಬ ಕುಡಿದು ಗಲಾಟೆ ಮಾಡಿದರೆ ಅದಕ್ಕೂ ಅವನೇ ಹೊಣೆ. ಚನ್ನಗಿರಿಯಲ್ಲಿ ಸಾಲಕ್ಕೆ ಜಾಮೀನು ಹಾಕಿ ನಿದ್ದೆ ಕೆಟ್ಟವರನ್ನ ನೀವೂ ನೋಡಿರ್ತೀರಿ, ಅದೇ ಪಾಡು.

ಇದನ್ನ ಮೀರಿ ಹೋದವನು ಜೇಮ್ಸ್ ಫ್ಲಿಂಟ್, ಚೀನೀ ಭಾಷೆ ಕಲಿತಿದ್ದ ಇಂಗ್ಲಿಷ್ ವ್ಯಾಪಾರಿ. ಮಧ್ಯದವರನ್ನ ಬಿಟ್ಟು 1759ರಲ್ಲಿ ನೇರ ಚಕ್ರವರ್ತಿಗೇ ದೂರು ಕಳಿಸಿದ. ಅವನಿಗೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ. ಆ ದೂರು ಬರೆಯೋಕೆ ನೆರವಾದ ಚೀನೀ ಮನುಷ್ಯನ ತಲೆ ಹೋಯಿತು. ಪರದೇಶಿಗೆ ಸಹಾಯ ಮಾಡಿದವನು ಪರದೇಶಿಗಿಂತ ಜಾಸ್ತಿ ಬೆಲೆ ತೆತ್ತ.

1842ರಲ್ಲಿ, ಅಫೀಮು ಯುದ್ಧದ ನಂತರ, ಈ ವ್ಯವಸ್ಥೆ ಮುರಿಯಿತು. ಮುರಿದದ್ದು ಬ್ರಿಟಿಷರ ಫಿರಂಗಿ. ಅಲ್ಲಿಂದಾಚೆ ಬಿಳಿಯರ ಹಿಂದೆ ಇದ್ದ ಜಾಮೀನು ಯುದ್ಧನೌಕೆ. ಇವತ್ತಿಗೂ ಆ ಅವಮಾನವನ್ನ ಚೀನಾ ತನ್ನ ಮಕ್ಕಳಿಗೆ ಪಾಠ ಮಾಡುತ್ತೆ.

ಮತ್ತೆ ಗಾಳಿ ನಿಂತಾಗ

ಈಗ ಗೆಳೆಯನ ಕಥೆಗೆ ಬರ್ತೀನಿ. 2020ರ ಜನವರಿಯಲ್ಲಿ ರಜೆಗೆ ಊರಿಗೆ ಬಂದ. ಒಂದು ಬ್ಯಾಗು. ಅಕ್ಕಿ ಬೇಯಿಸೋ ಕುಕ್ಕರ್, ಚಳಿ ಜಾಕೆಟ್, ಅವ್ವ ಕೊಟ್ಟ ಕಂಬಳಿ, ಮೂರು ವರ್ಷದ ನೋಟ್ಸ್ ಎಲ್ಲಾ ಹಾಸ್ಟೆಲ್ ರೂಮಲ್ಲಿ. ಫೆಬ್ರವರಿ 1 ಮತ್ತು 2ರಂದು ಏರ್ ಇಂಡಿಯಾದ ಎರಡು ವಿಮಾನ ವುಹಾನ್‌ನಿಂದ 647 ಭಾರತೀಯರನ್ನ ಕರೆತಂದವು. ಮಾರ್ಚ್ 28ಕ್ಕೆ ಚೀನಾ, ಪರ್ಮಿಟ್ ಇದ್ದ ಹೊರದೇಶದವರಿಗೂ ಬಾಗಿಲು ಹಾಕಿತು. ಆ ಏಪ್ರಿಲ್‌ನಲ್ಲಿ ಗುವಾಂಗ್‌ಝೌನಲ್ಲಿ ಆಫ್ರಿಕಾದ ಎಷ್ಟೋ ಜನರನ್ನ ಬಾಡಿಗೆ ಮನೆಗಳಿಂದ ಹೊರಗೆ ಹಾಕಿದ ಸುದ್ದಿ ಬಂತು. ಹಿಂದೆ ಕೇರಿಯ ಮುಖ್ಯಸ್ಥನಿದ್ದ ಅದೇ ಊರು.

ಚೀನಾದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 23,000ಕ್ಕೂ ಹೆಚ್ಚು. ಅವರ ತರಗತಿ ಮೊಬೈಲಿಗೆ ಬಂತು. ನನ್ನ ಗೆಳೆಯ ಅಡಿಕೆ ಒಣಗಿಸೋ ಕಣದ ಪಕ್ಕ, ನೆಟ್‌ವರ್ಕ್ ಸಿಗೋ ಒಂದೇ ಜಾಗದಲ್ಲಿ ಕೂತು ಸರ್ಜರಿ ಪಾಠ ಕೇಳ್ತಿದ್ದ. ಜೂನ್ ಕೊನೆಗೆ ಗಾಲ್ವಾನ್ ಸಂಘರ್ಷದ ಬೆನ್ನಲ್ಲೇ ಭಾರತ ವೀಚಾಟ್ ನಿಷೇಧಿಸಿತು. ಅವನ ಕ್ಲಾಸಿನ ಗ್ರೂಪ್, ಮೇಷ್ಟ್ರು, ಹಾಸ್ಟೆಲ್ ವಾರ್ಡನ್ ಎಲ್ಲಾ ಇದ್ದದ್ದು ಅದರಲ್ಲೇ. ಆಮೇಲೆ ಇಲ್ಲಿನ ನಿಯಮ ಹೇಳಿತು, ಬರೀ ಆನ್‌ಲೈನ್ ವೈದ್ಯಕೀಯ ಓದಿಗೆ ಮಾನ್ಯತೆ ಇಲ್ಲ ಅಂತ. ಅಪ್ಪ ಅರ್ಧ ಎಕರೆ ಅಡವಿಟ್ಟಿದ್ರು. "ಅಲ್ಲೂ ಪರದೇಶಿ, ಇಲ್ಲೂ ಪರದೇಶಿ" ಅಂದ ಒಂದಿನ. ಅವತ್ತು ನಗಲಿಲ್ಲ.

ವಿದ್ಯಾರ್ಥಿ ವೀಸಾ ಮತ್ತೆ ಶುರುವಾದದ್ದು 2022ರ ಆಗಸ್ಟ್‌ನಲ್ಲಿ. ಅವನ ಹೆಸರು ಪಟ್ಟಿಗೆ ಬಂದದ್ದು ಹೇಗೆ ಗೊತ್ತಾ? ವಿದ್ಯಾರ್ಥಿಗಳೇ ರಾಜ್ಯ ರಾಜ್ಯಕ್ಕೆ ಗ್ರೂಪ್ ಮಾಡ್ಕೊಂಡು, ಹೆಸರು, ಕೋರ್ಸು, ಪಾಸ್‌ಪೋರ್ಟ್ ವಿವರ ಸೇರಿಸಿ, ರಾಯಭಾರ ಕಚೇರಿಗೆ ಬಿಡದೆ ಬರೆದರು. ಒಬ್ಬೊಬ್ಬರೇ ಬರೆದಾಗ ಉತ್ತರ ಬಂದಿರಲಿಲ್ಲ. ನನಗೆ ಆಗ ಬಳ್ಳಿಗಾವಿ ನೆನಪಾಯ್ತು. ಐನೂರ್ವರು ಮಾಡಿದ್ದೂ ಇದನ್ನೇ ಅಲ್ವಾ? ಪರದೇಶಿ ಪದದ ಎರಡು ಅರ್ಥದ ನಡುವೆ ಇರೋದು ಸಂಘ. ಸಂಘ ಇದ್ದರೆ ಅವನು ವ್ಯಾಪಾರಿ, ವಿದ್ಯಾರ್ಥಿ, ಅತಿಥಿ. ಇಲ್ಲದಿದ್ದರೆ ಅಜ್ಜಿ ಹೇಳೋ ಪರದೇಶಿ.

ಹಾಗಾಗಿ ಹೊರದೇಶಕ್ಕೆ ಹೋಗೋ ಪ್ಲಾನ್ ಇರೋರು ಫೀಸು, ರ್ಯಾಂಕಿಂಗ್ ನೋಡೋದರ ಜೊತೆ ಇದನ್ನೂ ಕೇಳಿ: ಬಾಗಿಲು ಮುಚ್ಚಿದ ದಿನ ಅಲ್ಲಿ ನನ್ನ ಪರವಾಗಿ ಯಾರು ಮಾತಾಡ್ತಾರೆ? ಏಜೆಂಟ್ ಹೇಳೋ ಉತ್ತರ ಬೇಡ, ಅಲ್ಲಿರೋ ಸೀನಿಯರ್ ಹತ್ತಿರ ಕೇಳಿ.

ಗೆಳೆಯ ವಾಪಸ್ ಹೋದಾಗ ರೂಮಿನ ಕುಕ್ಕರ್ ಇರಲಿಲ್ಲ. ಕಂಬಳಿ ಇತ್ತು, ಮಡಚಿ ಇಟ್ಟಿದ್ರು. ಈಗ ಡಾಕ್ಟರ್ ಆಗಿ ಊರ ಕಡೆಯೇ ಇದ್ದಾನೆ.

ಮೊನ್ನೆ ನಾವಿಬ್ಬರೂ ಕತ್ತಲಗೆರೆ ಬಸ್‌ಸ್ಟ್ಯಾಂಡಲ್ಲಿ ಟೀ ಕುಡೀತಿದ್ವಿ. ಕೂಲಿ ಕೆಲಸಕ್ಕೆ ಅಂತ ಉತ್ತರದ ಯಾವುದೋ ರಾಜ್ಯದಿಂದ ಬಂದ ನಾಲ್ಕು ಹುಡುಗರು ಬಸ್ಸಿಂದ ಇಳಿದರು. ಹಿರಿಯರೊಬ್ಬರು ಮಾಮೂಲಿನಂತೆ ಕೇಳಿದರು, "ಯಾರ ಕಡೆಯೋರಪ್ಪಾ?" ಹುಡುಗರಿಗೆ ಅರ್ಥವಾಗಲಿಲ್ಲ. ಗೆಳೆಯ ಎದ್ದು ನಿಂತು ಹೇಳಿದ, "ನಮ್ಮ ಕಡೆಯೋರು, ಬಿಡಿ."