ಧಾರವಾಡದ ಶಿಲೆಯೂ ಆದಿಕಾಂಡದ ಪಾಠವೂ

ಧರ್ಮದ ಹೆಸರಿನಲ್ಲಿ ತಪ್ಪು ಸಂಗತಿಗಳನ್ನು ವಿಜ್ಞಾನವೆಂದು ಮಕ್ಕಳಿಗೆ ಕಲಿಸಿದರೆ ಅದನ್ನು ಮಕ್ಕಳ ಮೇಲಿನ ದೌರ್ಜನ್ಯವೆಂದು ಎಣಿಸಬೇಕೆ? ಮನಶ್ಶಾಸ್ತ್ರಜ್ಞ ನಿಕೊಲಸ್ ಹಂಫ್ರಿ 1997ರ ಆಕ್ಸ್‌ಫರ್ಡ್ ಉಪನ್ಯಾಸವೊಂದರಲ್ಲಿ ಹೌದೆನ್ನುವ ದಿಕ್ಕಿನಲ್ಲಿ ವಾದಿಸಿದರು. ರಿಚರ್ಡ್ ಡಾಕಿನ್ಸ್ 2006ರ ತಮ್ಮ ಗ್ರಂಥದಲ್ಲಿ ಆ ವಾದವನ್ನು ಇನ್ನಷ್ಟು ಬಿರುಸಾಗಿಸಿದರು. ಸಭೆಯೊಳಗಿರುವವರಿಗೆ ಇಂಥ ಮಾತು ಕೇಳಿ ಕೋಪ ಬರುವುದು ಸಹಜ. ಆದರೂ ಕೋಪವನ್ನು ಬದಿಗಿಟ್ಟು ಈ ಪ್ರಶ್ನೆಯನ್ನು ಧಾರವಾಡ ಸೀಮೆಯ ಇತಿಹಾಸದ ಮುಂದಿಟ್ಟು ನೋಡಲು ನಾವು ಬಯಸುತ್ತೇವೆ. ಈ ಸೀಮೆಯಲ್ಲಿ ಭೂಗೋಳವನ್ನೂ ಆದಿಕಾಂಡವನ್ನೂ ಒಂದೇ ಸೂರಿನಡಿ ಕಲಿಸಿದವರು ನಮ್ಮ ಹಿರಿಯರಲ್ಲವೆ?

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ ನೆಲೆಯೂರಿತು. ಅದರ ಸೇವಕರಲ್ಲಿ ಅನೇಕರು ವ್ಯೂರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದವರು. ಆ ಪಂಥದ ಮಹಾಪಂಡಿತ ಬೆಂಗೆಲ್ ಪ್ರಕಟನೆ ಗ್ರಂಥವನ್ನು ಲೆಕ್ಕ ಹಾಕಿ, ಲೋಕದ ಮಹಾ ತಿರುವು 1836ರಲ್ಲಿ ಬರುವುದೆಂದು ಬರೆದಿಟ್ಟಿದ್ದನು. ಆ ವರ್ಷವು ಸುಮ್ಮನೆ ಕಳೆದುಹೋಯಿತು. ಮರುವರ್ಷ ಧಾರವಾಡದ ಕೇಂದ್ರ ತೆರೆಯಿತು. ದೇವರ ವಾಕ್ಯದಿಂದ ಕಾಲವನ್ನು ಲೆಕ್ಕ ಹಾಕುವ ರೂಢಿ ಎಷ್ಟು ನಾಜೂಕಿನದೆಂಬುದನ್ನು ಆ ಪೀಳಿಗೆಯೇ ಕಣ್ಣಾರೆ ಕಂಡಿತ್ತು.

ಹತ್ತೊಂಬತ್ತನೆಯ ಶತಮಾನದ ಮಿಶನರಿಗಳಿಗೆ ನಕಾಶೆಯೂ ಒಂದು ಸಾಕ್ಷಿಯಾಗಿತ್ತು. ಭೂಗೋಳವನ್ನು ಕಲಿತ ಹುಡುಗನು ಮೇರುಪರ್ವತವನ್ನೂ ಕಬ್ಬಿನ ಹಾಲಿನ, ತುಪ್ಪದ, ಮೊಸರಿನ ಸಮುದ್ರಗಳನ್ನೂ ನಂಬಲಾರನು, ಪುರಾಣದ ಭೂಗೋಳ ಕುಸಿದರೆ ಪುರಾಣದ ಧರ್ಮವೂ ಕುಸಿಯುವುದು ಎಂಬುದು ಕಲ್ಕತ್ತೆಯ ಅಲೆಕ್ಸಾಂಡರ್ ಡಫ್ ಮೊದಲಾದವರ ನಿರೀಕ್ಷೆ. ಆದರೆ ಭೂಮಿಯು ಗೋಲಾಕಾರದ್ದು, ಅದಕ್ಕೆ ಆಧಾರವೊಂದು ಬೇಕಿಲ್ಲ ಎಂದು ಹನ್ನೆರಡನೆಯ ಶತಮಾನದಲ್ಲಿಯೇ ಭಾಸ್ಕರಾಚಾರ್ಯನು ವಾದಿಸಿದ್ದನು. ಮುಂಬಯಿ ಸರಕಾರದ ಅಧಿಕಾರಿ ಲ್ಯಾನ್ಸೆಲಟ್ ವಿಲ್ಕಿನ್ಸನ್ 1830ರ ದಶಕದಲ್ಲಿ ಸೀಹೋರಿನ ಪಾಠಶಾಲೆಯಲ್ಲಿ ಇದೇ ಸಿದ್ಧಾಂತ ಗ್ರಂಥಗಳಿಂದ ಪುರಾಣದ ಭೂಗೋಳವನ್ನು ತಿದ್ದುವ ದಾರಿಯನ್ನು ಹಿಡಿದನು. ಮಗುವಿನ ಮನೆಯ ವಿದ್ಯೆಯನ್ನು ಹೀನಾಯಗೊಳಿಸದೆ ಸತ್ಯವನ್ನು ಕಲಿಸುವ ಆ ಕ್ರಮವೇ ಮೇಲಿನದೆಂದು ನಮಗೆ ತೋರುತ್ತದೆ.

ನೆರೆಯವನ ಏಳು ಸಮುದ್ರಗಳನ್ನು ಅಳೆದ ಅಳತೆಗೋಲನ್ನು ನಮ್ಮವರು ತಮ್ಮ ಪುಸ್ತಕದ ಅಂಚಿಗೆ ಇಟ್ಟು ನೋಡಿದರೆ? ಆರ್ಚ್‌ಬಿಷಪ್ ಅಶರ್ 1650ರಲ್ಲಿ ಪ್ರಕಟಿಸಿದ ಗಣನೆಯಂತೆ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ. 1701ರಿಂದ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಆತನ ಕಾಲಗಣನೆ ಅಚ್ಚಾಗತೊಡಗಿತು. ಅಂಚಿನಲ್ಲಿದ್ದುದು ಎಷ್ಟೋ ಓದುಗರಿಗೆ ವಾಕ್ಯವೇ ಆಗಿಬಿಟ್ಟಿತು.

ಇದಕ್ಕೆ ಉತ್ತರ ಈ ಸೀಮೆಯ ನೆಲದೊಳಗೇ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ದಕ್ಷಿಣ ಮರಾಠಾ ಸೀಮೆಯ, ಎಂದರೆ ಧಾರವಾಡವೂ ಸೇರಿದ ಈ ಪ್ರದೇಶದ, ಭೂರಚನೆಯ ವರದಿಯನ್ನು 1876ರಲ್ಲಿ ಪ್ರಕಟಿಸಿದನು. ಮುಂದಿನ ದಶಕದಲ್ಲಿ ಇಲ್ಲಿನ ಶಿಲಾಶ್ರೇಣಿಗೆ ‘ಧಾರವಾಡ’ ಎಂಬ ಹೆಸರನ್ನೇ ಕೊಟ್ಟನು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಲ್ಲ ಹೆಸರದು. ಆ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವೆಂದು ಇಪ್ಪತ್ತನೆಯ ಶತಮಾನದ ಅಳತೆಗಳು ತೋರಿಸಿದವು. ಫುಟ್‌ಗೆ ಆ ಅಂಕಿ ತಿಳಿದಿರಲಿಲ್ಲ. ಆದರೆ ಆರು ಸಾವಿರ ವರ್ಷಗಳ ಚೌಕಟ್ಟು ಇವಕ್ಕೆ ಸಾಲದೆಂಬುದು ಅವನ ವಿದ್ಯೆಗೆ ಆಗಲೇ ಇತ್ಯರ್ಥವಾಗಿದ್ದ ಸಂಗತಿ. ಇವನು ಸಭೆಯ ಶತ್ರುವೂ ಅಲ್ಲ. ತಮಿಳು ಪಂಡಿತನೂ ಮಿಶನರಿಯೂ ಆಗಿದ್ದ ಪೀಟರ್ ಪರ್ಸಿವಲನ ಅಳಿಯ.

ಹಾಗಾದರೆ ಮೊದಲ ಪೀಳಿಗೆಯ ಉಪದೇಶಿಗಳನ್ನು ದೌರ್ಜನ್ಯದ ಕಟಕಟೆಯಲ್ಲಿ ನಿಲ್ಲಿಸಬೇಕೆ? ಕೂಡದೆಂಬುದು ನಮ್ಮ ಅಭಿಪ್ರಾಯ. ತಾವು ಸತ್ಯವೆಂದು ನಂಬಿದ್ದನ್ನೇ ಅವರು ಕಲಿಸಿದರು. ಜೊತೆಗೆ, 1854ರ ವುಡ್‌ನ ಶಿಕ್ಷಣ ನಿರೂಪದ ತರುವಾಯ ಸರಕಾರದ ಅನುದಾನ ಲೌಕಿಕ ವಿದ್ಯೆಗೆ ಮೀಸಲಾಯಿತು. ಶಾಲೆಯಲ್ಲಿ ಕಲಿಸುವ ಧರ್ಮಬೋಧೆಯನ್ನು ತನಿಖಾಧಿಕಾರಿ ಗಮನಿಸಕೂಡದೆಂದು ಅದರಲ್ಲಿ ಹೇಳಲಾಗಿತ್ತು. (ನವಲಗುಂದ, ಕಲಘಟಗಿಗಳು ಮುಂಬಯಿ ಸರಕಾರದ ಆಡಳಿತದಲ್ಲಿದ್ದವು, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರಿಂದ ಅದರ ಕಥೆ ಬೇರೆ.) ಹೀಗೆ ವಾಕ್ಯಬೋಧೆಯ ಪಾಠವೂ ಪರೀಕ್ಷೆಗೆ ಒಳಪಡುವ ಪಾಠವೂ ಬೇರೆ ಬೇರೆಯೆಂದು ಅನುದಾನದ ನಿಯಮವೇ ಗುರುತಿಸಿತು. ಆದಿಕಾಂಡವನ್ನು ಭೂವಿಜ್ಞಾನವೆಂದು ಪರೀಕ್ಷೆಗೆ ಒಡ್ಡುವ ಹಟ ನಮ್ಮ ಪರಂಪರೆಯದಲ್ಲ.

ಅದು ಬಂದದ್ದು ಬೇರೆಡೆಯಿಂದ. ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್‌ನಂಥ ನಿಷ್ಠಾವಂತ ಸುವಾರ್ತಾ ಬೋಧಕನೇ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭೂಮಿಯ ದೀರ್ಘ ವಯಸ್ಸನ್ನು ಒಪ್ಪಿಕೊಂಡಿದ್ದನು. ಜಲಪ್ರಳಯದಿಂದಲೇ ಶಿಲಾಸ್ತರಗಳೆಲ್ಲ ಉಂಟಾದವೆಂದು ಸಾಧಿಸಲೆಳಸುವ ಇಂದಿನ ‘ಸೃಷ್ಟಿವಿಜ್ಞಾನ’ವನ್ನು ಲೋಕವ್ಯಾಪಿಯಾಗಿಸಿದ್ದು ಅಮೆರಿಕದಲ್ಲಿ ವಿಟ್‌ಕಂಬ್, ಮಾರಿಸ್ ಎಂಬಿಬ್ಬರು 1961ರಲ್ಲಿ ಪ್ರಕಟಿಸಿದ ಗ್ರಂಥ. ಇದನ್ನು ಪೂರ್ವಿಕರ ವಿಶ್ವಾಸವೆಂದು ಮಕ್ಕಳ ಮುಂದಿಡುವವರು ವಿಜ್ಞಾನದ ವಿಷಯದಲ್ಲಷ್ಟೇ ಅಲ್ಲ, ಸಭೆಯ ಇತಿಹಾಸದ ವಿಷಯದಲ್ಲಿಯೂ ತಪ್ಪು ಹೇಳುತ್ತಾರೆ. ಮೋಶೆಯು ಸಾಮಾನ್ಯರ ಕಣ್ಣಿಗೆ ಕಾಣುವಂತೆ ಬರೆದನು, ಖಗೋಳವನ್ನು ಕಲಿಯಬೇಕಾದವನು ಬೇರೆಡೆಗೆ ಹೋಗಲಿ ಎಂಬ ಅರ್ಥದ ಮಾತನ್ನು ಕಾಲ್ವಿನ್ ತನ್ನ ಆದಿಕಾಂಡದ ವ್ಯಾಖ್ಯಾನದಲ್ಲಿ ಆಡಿದ್ದಾನೆ. ಅವನಿಗೂ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಅಗಸ್ಟೀನನು, ಪ್ರಕೃತಿಯ ವಿಷಯವನ್ನರಿತ ಅವಿಶ್ವಾಸಿಯ ಮುಂದೆ ಕ್ರೈಸ್ತನು ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧವನ್ನಾಡಿದರೆ ಪುನರುತ್ಥಾನದ ಮಾತನ್ನು ಅವನು ಹೇಗೆ ನಂಬಿಯಾನು ಎಂದು ಎಚ್ಚರಿಸಿದ್ದನು.

ಈ ರೋಗ ನಮ್ಮೊಬ್ಬರದೇ ಅಲ್ಲ. 2015ರಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿಯೇ ಪ್ರಾಚೀನ ವಿಮಾನಗಳ ಬಗೆಗೆ ಪ್ರಬಂಧ ಮಂಡಿತವಾಯಿತು. ಆದರೆ ನೆರೆಯವನ ವಿಮಾನವನ್ನು ನೋಡಿ ನಗುವ ಹಕ್ಕು, ನಮ್ಮ ನಾವೆಯಲ್ಲಿ ಡೈನೋಸಾರುಗಳನ್ನು ಹತ್ತಿಸುವವರಿಗೆ ಇಲ್ಲ.

ಕಲಘಟಗಿಯ ಬಣ್ಣದ ತೊಟ್ಟಿಲುಗಳ ಮೇಲೆ ರಾಮಾಯಣ, ಮಹಾಭಾರತಗಳ ಚಿತ್ರಗಳಿರುತ್ತವೆ. ಆ ಕಥೆಗಳ ನಡುವೆ ಬೆಳೆದ ಮಗುವಿಗೆ ಯಾರೂ ಕೇಡು ಬಗೆದಂತಾಗಲಿಲ್ಲ. ನೋಹನ ಕಥೆಯನ್ನು ಕೇಳುತ್ತ ಬೆಳೆದ ಮಗುವಿಗೂ ಹಾಗೆಯೇ. ಹಂಫ್ರಿಯ ವಾದವು ಕಥೆಯನ್ನೂ ವಿಶ್ವಾಸವನ್ನೂ ಸುಳ್ಳು ವಿಜ್ಞಾನದೊಡನೆ ಒಂದೇ ಮೂಟೆಯಲ್ಲಿ ಕಟ್ಟುವಾಗ ನಾವು ಒಪ್ಪಲಾರೆವು. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿಯೂ ಮಗುವಿನ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಹೆತ್ತವರ ಮಾರ್ಗದರ್ಶನದ ಹಕ್ಕಿನ ಜೊತೆಗೇ ಇಟ್ಟಿದೆ.

ಗೆರೆ ದಾಟುವುದು ಮುಂದಿನ ಹೆಜ್ಜೆಯಲ್ಲಿ. ಭೂಮಿಯ ವಯಸ್ಸನ್ನು ಶಾಲೆಯಲ್ಲಿ ಕಲಿತ ಅಣ್ಣಿಗೇರಿಯ ಹುಡುಗಿಯೊಬ್ಬಳು ರವಿವಾರ ಶಾಲೆಯಲ್ಲಿ ಪ್ರಶ್ನೆ ಕೇಳಿದಳೆಂದು ಇಟ್ಟುಕೊಳ್ಳೋಣ. ಬೋಧಕನು ತಿಳಿಯದೆ ತಪ್ಪು ಉತ್ತರ ಕೊಟ್ಟರೆ ಅದು ಅಜ್ಞಾನ, ತರಬೇತಿಯಿಂದ ತಿದ್ದಬಹುದು. ತಿಳಿದೂ ಕೊಟ್ಟರೆ ಅದು ಸುಳ್ಳುಸಾಕ್ಷಿ. ಪ್ರಶ್ನೆ ಕೇಳಿದ್ದೇ ಪಾಪವೆಂದು ನರಕದ ಹೆದರಿಕೆ ಹಾಕಿದರೆ, ಅದಕ್ಕೆ ದೌರ್ಜನ್ಯವೆಂಬ ಹೆಸರೇ ಸರಿಯಾದದ್ದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ರವಿವಾರ ಶಾಲೆಗೆ ಆ ತನಿಖಾಧಿಕಾರಿ ಬರುವುದಿಲ್ಲ. ಅಲ್ಲಿ ಯಾವ ಪಾಠಪುಸ್ತಕವನ್ನು ತರಿಸಬೇಕು, ಯಾರನ್ನು ಬೋಧಕರನ್ನಾಗಿ ಕಳುಹಿಸಬೇಕು ಎಂಬುದು ಸಭಾಪಾಲಕರ ಕೈಯಲ್ಲಿದೆ. ಚಿಕ್ಕವರಲ್ಲೊಬ್ಬನನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲನ್ನು ಕಟ್ಟುವ ಮಾತು ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಶಿಷ್ಯರನ್ನೇ ಉದ್ದೇಶಿಸಿ ಬಂದಿದೆ.