ಗುಜರಿಯಲ್ಲಿ ಹುಟ್ಟಿದ ನಾದ: ಟಿಂಗೆಲಿಯ ಸದ್ದಿನ ಶಿಲ್ಪಗಳು

ಶಿಲ್ಪವೆಂದರೆ ನಿಶ್ಚಲ, ಮೌನ ಎಂಬ ರೂಢಿಗತ ಕಲ್ಪನೆಯನ್ನು ಅಲುಗಾಡಿಸಿದ ಕಲಾವಿದರಲ್ಲಿ ಸ್ವಿಟ್ಜರ್ಲೆಂಡಿನ ಜಾನ್ ಟಿಂಗೆಲಿ (1925-1991) ಪ್ರಮುಖರು. ತುಕ್ಕು ಹಿಡಿದ ಚಕ್ರ, ಸವೆದ ಬೆಲ್ಟು, ಮೂಲೆಗೆ ಬಿದ್ದ ಪಿಯಾನೊ, ಮುರಿದ ಆಟಿಕೆಗಳೇ ಅವರ ಕಲ್ಲು ಮತ್ತು ಕಂಚು. ಇವುಗಳಿಗೆ ವಿದ್ಯುತ್ ಮೋಟಾರು ಜೋಡಿಸಿ ಅವರು ನಿರ್ಮಿಸಿದ ಯಂತ್ರಗಳು ಚಲಿಸುತ್ತವೆ, ಚಲಿಸುತ್ತಲೇ ಸದ್ದು ಮಾಡುತ್ತವೆ. ಹಾಗೆಯೇ ಸವೆಯುತ್ತವೆ ಕೂಡ.

ಬಾಸೆಲ್ ನಗರದಲ್ಲಿ ಬೆಳೆದ ಟಿಂಗೆಲಿ ಬಾಲ್ಯದಲ್ಲಿಯೇ ಕಾಡಿನ ತೊರೆಯೊಂದರಲ್ಲಿ ಪುಟ್ಟ ನೀರುಚಕ್ರಗಳನ್ನು ಸಾಲಾಗಿ ನಿಲ್ಲಿಸಿದ್ದರು. ನೀರಿನ ಸೆಳೆತಕ್ಕೆ ಚಕ್ರ ತಿರುಗಿದಂತೆ ಸಣ್ಣ ಸುತ್ತಿಗೆಗಳು ಡಬ್ಬಿ, ಬಾಟಲಿಗಳನ್ನು ಬಡಿಯುತ್ತಿದ್ದವು. ಪ್ಯಾರಿಸ್‌ಗೆ ತೆರಳಿದ ಬಳಿಕ 1955ರಲ್ಲಿ ಅವರು ರಚಿಸಿದ ಸದ್ದು ಮಾಡುವ ಉಬ್ಬುಚಿತ್ರಗಳಿಗೆ ಈ ಆಟವೇ ಮೂಲವೆನ್ನಬಹುದು.

ಜಗತ್ತು ಅವರತ್ತ ತಿರುಗಿ ನೋಡಿದ್ದು 1960ರ ಮಾರ್ಚ್ 17ರಂದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಉದ್ಯಾನದಲ್ಲಿ 'ಹೋಮೇಜ್ ಟು ನ್ಯೂಯಾರ್ಕ್' ಎಂಬ ಯಂತ್ರ ತನ್ನನ್ನು ತಾನೇ ನಾಶಪಡಿಸಿಕೊಳ್ಳುವುದೆಂದು ಸಾರಲಾಗಿತ್ತು. ಸೈಕಲ್ ಚಕ್ರಗಳು, ಸ್ನಾನದ ತೊಟ್ಟಿ, ಪಿಯಾನೊ ಸೇರಿದ್ದ ಈ ಬೃಹತ್ ರಚನೆಯ ಸಾಮಗ್ರಿ ಬಹುಪಾಲು ನ್ಯೂಜೆರ್ಸಿಯ ಕಸದ ರಾಶಿಗಳಿಂದ ಬಂದದ್ದು. ಬೆಲ್ ಪ್ರಯೋಗಾಲಯದ ಎಂಜಿನಿಯರ್ ಬಿಲ್ಲಿ ಕ್ಲೂವರ್ ನೆರವಾಗಿದ್ದರು. ಯಂತ್ರ ಯೋಜನೆಯಂತೆ ನಡೆಯಲಿಲ್ಲ. ಚಿತ್ರ ಬಿಡಿಸಬೇಕಿದ್ದ ಭಾಗದಲ್ಲಿ ಕಾಗದ ವಿರುದ್ಧ ದಿಕ್ಕಿಗೆ ಸುತ್ತಿಕೊಂಡಿತು, ಪಿಯಾನೊ ಹೊತ್ತಿ ಉರಿಯಿತು. ಸುಮಾರು 27 ನಿಮಿಷಗಳ ಈ ಗದ್ದಲಕ್ಕೆ ತೆರೆ ಎಳೆದವರು ಅಗ್ನಿಶಾಮಕ ಸಿಬ್ಬಂದಿ! ಆತ್ಮನಾಶವೂ ಅಂದುಕೊಂಡಂತೆ ಆಗದೆ ಹೋದದ್ದು ಕೃತಿಗೆ ಕಳಂಕವಾಗಲಿಲ್ಲ. ಅದು ನೆನಪಿನಲ್ಲಿ ಉಳಿದದ್ದೇ ಆ ಅಸ್ತವ್ಯಸ್ತತೆಯಿಂದ.

ನಾದದ ದೃಷ್ಟಿಯಿಂದ ಅವರ ಪ್ರೌಢ ಕೃತಿಗಳೆಂದರೆ 1978ರಿಂದ 1985ರ ನಡುವೆ ರೂಪುಗೊಂಡ ನಾಲ್ಕು 'ಮೆಟಾ-ಹಾರ್ಮೊನಿ'ಗಳು. ಕಬ್ಬಿಣದ ಎತ್ತರದ ಚೌಕಟ್ಟಿನೊಳಗೆ ದೊಡ್ಡ, ಸಣ್ಣ ಚಕ್ರಗಳು ಬೆಲ್ಟುಗಳಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಚಕ್ರದ ಸುತ್ತಳತೆ ಬೇರೆಯಾದಂತೆ ಅದು ತಿರುಗುವ ವೇಗವೂ ಬೇರೆ. ಅದರ ಸುತ್ತಿಗೆ ಡ್ರಮ್ಮನ್ನೋ ತಾಳವನ್ನೋ ಪಿಯಾನೊದ ಮನೆಯನ್ನೋ ಬಡಿಯುವ ಕಾಲವೂ ಬೇರೆ. ಬೆಲ್ಟು ಆಗಾಗ್ಗೆ ಜಾರುವುದರಿಂದ ಲೆಕ್ಕ ಇನ್ನಷ್ಟು ತಪ್ಪುತ್ತದೆ. ಹೀಗಾಗಿ ಒಮ್ಮೆ ಕೇಳಿದ ಕ್ರಮ ಮತ್ತೆ ಹಾಗೆಯೇ ಕೇಳಸಿಗುವುದು ಅಪರೂಪ. ಶ್ರುತಿಬದ್ಧ ಸಂಗೀತಕ್ಕೆ ಒಗ್ಗಿದ ಕಿವಿಗೆ ಇದು ಮೊದಲಿಗೆ ಬರಿಯ ಗಲಾಟೆಯೆನಿಸಿದರೆ ಅಚ್ಚರಿಯಿಲ್ಲ. ಟಿಂಗೆಲಿ ಸಹ ಇವನ್ನು ಸಂಗೀತ ನುಡಿಸುವ ಯಂತ್ರಗಳೆಂದು ಕರೆಯದೆ, ಸದ್ದುಗಳನ್ನು ಬೆರೆಸುವ ಯಂತ್ರಗಳೆಂದೇ ಪರಿಗಣಿಸಿದ್ದರು.

ಕಲಾವಿದ ಗತಿಸಿದ ಮೇಲೆ ಎದುರಾದ ಪ್ರಶ್ನೆ ಕಠಿಣವಾದುದು. ಯಂತ್ರವನ್ನು ಓಡಿಸಿದರೆ ಅದು ಸವೆಯುತ್ತದೆ, ಓಡಿಸದಿದ್ದರೆ ಕೃತಿಯೇ ಇಲ್ಲ. ಗುಜರಿಯಿಂದ ಆಯ್ದ ಭಾಗಗಳು ಕೃತಿಗೆ ಸೇರುವ ಮುನ್ನವೇ ಅರ್ಧ ಆಯುಸ್ಸು ಕಳೆದುಕೊಂಡಿರುತ್ತವೆ. ಹಳೆಯ ಮೋಟಾರಿನ ಬದಲು ಹೊಸದನ್ನು ಕೂರಿಸಿದರೆ ವೇಗ ಬದಲಾಗುತ್ತದೆ, ಅದರೊಂದಿಗೆ ನಾದವೂ. ಬಣ್ಣ ಹೋದ ಚಿತ್ರಕ್ಕೆ ಬಣ್ಣ ತುಂಬುವಷ್ಟು ಸರಳ ಕೆಲಸ ಇದಲ್ಲ.

ಔಷಧ ಸಂಸ್ಥೆ ರೋಶ್ ತನ್ನ ಶತಮಾನೋತ್ಸವದ ಕೊಡುಗೆಯಾಗಿ ಕಟ್ಟಿಸಿದ ಟಿಂಗೆಲಿ ಸಂಗ್ರಹಾಲಯ 1996ರಲ್ಲಿ ಬಾಸೆಲ್‌ನ ರೈನ್ ನದಿದಂಡೆಯಲ್ಲಿ ಆರಂಭವಾಯಿತು. ವಾಸ್ತುಶಿಲ್ಪಿ ಮಾರಿಯೊ ಬೊಟ್ಟಾ. ಟಿಂಗೆಲಿಯವರ ಪತ್ನಿ, ಕಲಾವಿದೆ ನಿಕಿ ದ ಸೇಂಟ್ ಫಾಲ್ ಅನೇಕ ಕೃತಿಗಳನ್ನು ದಾನವಾಗಿ ನೀಡಿದರು. ನಾಲ್ಕೂ 'ಮೆಟಾ-ಹಾರ್ಮೊನಿ'ಗಳನ್ನು 2016ರಲ್ಲಿ ಇಲ್ಲಿ ಒಂದೆಡೆ ಸೇರಿಸಿ ಪ್ರದರ್ಶಿಸಲಾಯಿತು.

ಸಂಗ್ರಹಾಲಯ ಕಂಡುಕೊಂಡ ದಾರಿ ವಿರಾಮದ್ದು. ಹಲವು ಯಂತ್ರಗಳ ಮುಂದೆ ಗುಂಡಿಯಿದೆ. ಒತ್ತಿದರೆ ಅಲ್ಪಕಾಲ ಓಡಿ ನಿಲ್ಲುತ್ತವೆ. ಬಳಿಕ ನಿಗದಿತ ಸಮಯ ಕಳೆಯುವವರೆಗೆ ಎಷ್ಟು ಒತ್ತಿದರೂ ಯಂತ್ರ ಅಲುಗುವುದಿಲ್ಲ. ಕಾಯುವ ತಾಳ್ಮೆಯಿಲ್ಲದವರು ಕಬ್ಬಿಣವನ್ನಷ್ಟೇ ನೋಡಿ ಮುಂದೆ ಸಾಗಬೇಕಾಗುತ್ತದೆ.